ಬ್ರೆಡ್ಡಿನ ವ್ಯಾನು ಮತ್ತು ಚುಕ್ಕಾಣಿ ಮಾವ

ಚುನಾವಣೆ ಮುಗಿದ ಮರುದಿನ ಯಾರೋ ಒಬ್ಬರು ‘ಅಧಿಕಾರದ ಚುಕ್ಕಾಣಿ ಹಿಡಿದರು’ ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆದಾಗಲೆಲ್ಲ ನಮ್ಮ ಬೀದಿಯ ಬೇಕರಿಯ ಮುಂದೆ ನಗು ಏಳುತ್ತದೆ. ಯಾಕೆಂದರೆ ನಿಜವಾದ ಚುಕ್ಕಾಣಿ ಹಿಡಿದವರೊಬ್ಬರು ನಮ್ಮ ನಡುವೆಯೇ ಇದ್ದಾರೆ. ನೌಕಾಪಡೆಯ ಹಡಗಿನಲ್ಲಿ ಇಪ್ಪತ್ತು ವರ್ಷ ಹಿಡಿದು, ಅಂಗೈ ಜಡ್ಡುಗಟ್ಟಿಸಿಕೊಂಡು ಬಂದವರು. ಚುಕ್ಕಾಣಿ ಹಿಡಿದವನ ಕೈಯಲ್ಲಿ ಚುಕ್ಕಾಣಿಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ, ಅಧಿಕಾರವಂತೂ ಇರುವುದೇ ಇಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ನಾವೆಲ್ಲ ಅವರನ್ನು ಚುಕ್ಕಾಣಿ ಮಾವ ಎನ್ನುತ್ತೇವೆ.

ಬೇಕರಿ ಅವರ ಅಕ್ಕನದು. ಒಲೆಯ ಮುಂದೆ ನಿಂತು ನಿಂತು ಅಕ್ಕನ ಮುಖವೂ ಬನ್ನಿನ ಹಾಗೆ ಉಬ್ಬಿ, ಕೆಂಪಗೆ ಬೆಂದು, ಮೇಲೆ ಹೊಳಪು ಹಚ್ಚಿದಂತಾಗಿದೆ. ಭಾವ ವ್ಯಾನು ಓಡಿಸುತ್ತಿದ್ದರು. ಕೋಳಿ ಕೂಗುವ ಮೊದಲೇ ಬ್ರೆಡ್ಡು ತುಂಬಿಕೊಂಡು ಆಸ್ಪತ್ರೆಯ ಅಡುಗೆಮನೆಗೆ, ಅಲ್ಲಿಂದ ಹಾಸ್ಟೆಲ್ಲುಗಳಿಗೆ ಮುಟ್ಟಿಸಿ ಬರುವುದು ಅವರ ಕೆಲಸ. ಹಾಗಿರುವಾಗ ಒಂದು ಮುಂಜಾನೆ ಭಾವ ಆಸ್ಪತ್ರೆಯ ಬಾಗಿಲೆಂದುಕೊಂಡು ಪಕ್ಕದ ಲಾಂಡ್ರಿಯ ಬಾಗಿಲಿಗೆ ಬ್ರೆಡ್ಡಿನ ಟ್ರೇಗಳನ್ನು ಜೋಡಿಸಿ ಬಂದರು. ಲಾಂಡ್ರಿಯವನು ಪ್ರಾಮಾಣಿಕ. ಆದರೂ ಒಂದು ಟ್ರೇ ಇಸ್ತ್ರಿಯಾಗಿ ವಾಪಸ್ಸು ಬಂತು. ಕಣ್ಣಿನ ಡಾಕ್ಟರು ಭಾವನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, “ಇನ್ನು ಸ್ಟಿಯರಿಂಗ್ ಮುಟ್ಟೋದಿರಲಿ, ಅದರ ಹತ್ತಿರಾನೂ ಕೂತ್ಕೋಬೇಡಿ” ಎಂದುಬಿಟ್ಟರು.

ಸಂಬಳದ ಡ್ರೈವರುಗಳನ್ನು ಇಟ್ಟು ನೋಡಿದ್ದಾಯಿತು. ಒಬ್ಬ ಸೂರ್ಯ ನೆತ್ತಿಗೆ ಬಂದ ಮೇಲೆ ಕಣ್ಣುಜ್ಜುತ್ತ ಬಂದ. ಇನ್ನೊಬ್ಬ ಸಮಯಕ್ಕೆ ಸರಿಯಾಗಿ ಬರುತ್ತಿದ್ದ, ಆದರೆ ಬ್ರೆಡ್ಡು ಮುಟ್ಟುವಷ್ಟರಲ್ಲಿ ಪ್ರತಿ ಪೊಟ್ಟಣದ ತುದಿಯೂ ಇಲಿ ಕಡಿದಂತೆ ಮಾಯವಾಗಿರುತ್ತಿತ್ತು. ಸದ್ಯಕ್ಕೆ ಹಾಲಿನ ಗಾಡಿಯವನು ದೊಡ್ಡ ಮನಸ್ಸು ಮಾಡಿ ಹಾಲಿನ ಜೊತೆ ಬ್ರೆಡ್ಡನ್ನೂ ಒಯ್ಯುತ್ತಿದ್ದ. ಅವನೂ ತಿಂಗಳ ಕೊನೆಗೆ ಬೇರೆ ದಾರಿ ಹಿಡಿಯುವವನಿದ್ದ. ಆಸ್ಪತ್ರೆಯವರು ಸ್ಪಷ್ಟವಾಗಿ ಹೇಳಿದ್ದರು: ತಿಂಗಳು ತುಂಬುವುದರೊಳಗೆ ಸ್ವಂತ ಗಾಡಿ ಹೊರಡದಿದ್ದರೆ ಬ್ರೆಡ್ಡು ಬೇರೆ ಬೇಕರಿಯಿಂದ. ಆಸ್ಪತ್ರೆ ಹೋದರೆ ಅಕ್ಕನ ಒಲೆಯೂ ಆರಿದಂತೆಯೇ. ಬೀದಿಯವರಾದ ನಾವು ಸಂಜೆ ಕೊಳ್ಳುವ ನಾಲ್ಕು ಬನ್ನು ಆ ಒಲೆಯ ಕಟ್ಟಿಗೆಗೂ ಸಾಲದು.

ಅಕ್ಕ ಸೊಂಟಕ್ಕೆ ಸೆರಗು ಬಿಗಿದು ಘೋಷಿಸಿದರು: “ಯಾಕೆ ಬೇರೆಯವರ ಕಾಲು ಹಿಡೀಬೇಕು? ಊರಷ್ಟು ದೊಡ್ಡ ಹಡಗನ್ನೇ ಓಡಿಸಿದೋನು ನನ್ನ ತಮ್ಮ. ಈ ಡಬ್ಬಿ ಯಾವ ಲೆಕ್ಕ?”

ಮಾವ ಎದ್ದು ನಿಂತು, “ಈ ಡಬ್ಬಿ ಓಡಿಸ್ತೀನಿ ಅಕ್ಕ” ಎಂದರು.

ಹೇಳಿದ್ದನ್ನು ತಿರುಗಿ ಹೇಳುವುದು ಮಾವನ ವಿನಯವೂ ಅಲ್ಲ, ಮರೆವೂ ಅಲ್ಲ. ಅದು ಅವರ ವಿದ್ಯೆ. ಆ ವಿದ್ಯೆ ಅವರ ಮೈಗೆ ಹೇಗೆ ಹತ್ತಿತೆಂದು ಹೇಳದೆ ಮುಂದೆ ಹೋದರೆ ಕಥೆ ಕೆಡುತ್ತದೆ.

ಮೀಸೆ ಮೂಡುವ ವಯಸ್ಸಿನಲ್ಲಿ ಮಾವ ನಾವಿಕರ ತರಬೇತಿ ಶಾಲೆ ಸೇರಿದರು. ಆ ಶಾಲೆ ಇದ್ದದ್ದು ಗಟ್ಟಿ ನೆಲದ ಮೇಲೆ. ಸುತ್ತ ಕಾಂಪೌಂಡು, ಒಳಗೆ ಹೂವಿನ ಕುಂಡಗಳು. ಆದರೂ ಅಲ್ಲಿ ನೆಲಕ್ಕೆ ಡೆಕ್ ಎನ್ನಬೇಕು, ಗೇಟು ದಾಟಿ ಚಹಾ ಕುಡಿಯಲು ಹೋಗುವವನು ‘ದಡಕ್ಕೆ ಇಳಿಯಲು ಅಪ್ಪಣೆ’ ಕೇಳಬೇಕು. ದಡದ ಮೇಲೇ ನಿಂತು ದಡಕ್ಕೆ ಇಳಿಯುವ ಈ ಮಾಯೆ ವೇದಾಂತಿಗಳಿಗೂ ದಕ್ಕುವಂಥದ್ದಲ್ಲ. ಕಣ್ಣು ಕಟ್ಟಿ, ಕೈ ಬೆನ್ನ ಹಿಂದೆ ಇಟ್ಟು ಹಗ್ಗಕ್ಕೆ ಗಂಟು ಹಾಕುವುದು, ಹೊಗೆ ತುಂಬಿದ ಕೋಣೆಯಲ್ಲಿ ಗೋಡೆ ಸವರುತ್ತ ಬೆಂಕಿ ಆರಿಸುವುದು, ಒಡೆದ ಗೋಡೆಯಿಂದ ನೀರು ಧೋ ಎಂದು ನುಗ್ಗುವಾಗ ಮರದ ಬೆಣೆ ಹೊಡೆದು ನಿಲ್ಲಿಸುವುದು, ಇಡೀ ಸಂಸಾರವನ್ನು ಪುಸ್ತಕದ ಅಗಲಕ್ಕೆ ಮಡಚಿ ಪೆಟ್ಟಿಗೆಯಲ್ಲಿ ಇಡುವುದು, ಎಲ್ಲ ಕಲಿಸಿದರು. ಕಾವಲಿಗೆ ನಿಂತವನು ಕಂಡದ್ದನ್ನು ಮಾತ್ರ ಹೇಳಬೇಕು, ಅನ್ನಿಸಿದ್ದನ್ನಲ್ಲ ಎಂದೂ ಕಲಿಸಿದರು. ಇದೊಂದನ್ನು ನಮ್ಮ ಬೀದಿಯವರಿಗೂ ಕಲಿಸಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಕೊನೆಗೆ ಮಾವನ ಪಾಲಿಗೆ ಬಂದದ್ದು ಚುಕ್ಕಾಣಿ ಚಕ್ರ. ಕಲಿಸಿದ ಉಸ್ತಾದರು ಗುಡುಗಿನ ಗಂಟಲಿನವರು. ಅವರ ಶಾಸ್ತ್ರ ಇಷ್ಟೇ: “ಮೇಲಿಂದ ಹುಕುಂ ಬರುತ್ತೆ. ತಿರುಗಿ ಹೇಳು. ಮಾಡು. ಮಾಡಿದ್ದೀನಿ ಅಂತ ಹೇಳು. ಮುಂದಿನ ಹುಕುಂ ಬರೋವರೆಗೂ ಹಳೇದೇ ಹುಕುಂ. ಬದಲಿ ಮನುಷ್ಯ ಬಂದು, ಯಾವ ದಿಕ್ಕು ಅಂತ ಕೇಳಿ, ನಾನು ತಗೊಂಡೆ ಅನ್ನೋವರೆಗೂ ಚಕ್ರದಿಂದ ಕೈ ತೆಗೀಬೇಡ.”

“ನನಗೇ ಏನಾದರೂ ಅನ್ನಿಸಿದರೆ ಸಾರ್?” ಎಂದು ಎಳೆ ಮಾವ ಕೇಳಿದ್ದರಂತೆ.

“ನಿನ್ನ ತಲೆ ಇರೋದು ಟೋಪಿ ಇಡೋಕೆ. ಅನ್ನಿಸೋಕಲ್ಲ.”

ಇನ್ನೊಂದು ಸಂಗತಿ ಕೇಳಿದರೆ ನೀವು ನಂಬಲಿಕ್ಕಿಲ್ಲ. ನಾವೂ ಮೊದಲು ನಂಬಿರಲಿಲ್ಲ. ಮಾವನ ಹಡಗಿನಲ್ಲಿ ಚಕ್ರ ಇದ್ದದ್ದು ಹಡಗಿನ ಹೊಟ್ಟೆಯೊಳಗೆ, ನಾಲ್ಕೂ ಕಡೆ ಉಕ್ಕಿನ ಗೋಡೆಯ ಒಂದು ಗೂಡಿನಲ್ಲಿ. ಕಿಟಕಿಯಿಲ್ಲ. ಎದುರಿಗೆ ದಿಕ್ಕು ತೋರುವ ಒಂದು ಡಯಲು, ಬಾಯಿಯ ಹತ್ತಿರ ಒಂದು ಹಿತ್ತಾಳೆಯ ಕೊಳವೆ. ಮೇಲೆ ಗಾಳಿ ಕುಡಿಯುತ್ತ ದುರ್ಬೀನು ಹಿಡಿದು ನಿಂತ ಆಫೀಸರು ಆ ಕೊಳವೆಯೊಳಗೆ ಡಿಗ್ರಿ ಲೆಕ್ಕದಲ್ಲಿ ಕೂಗುತ್ತಾರೆ, “ಎಡಕ್ಕೆ ಹತ್ತು!” ಮಾವ ಕೆಳಗಿನಿಂದ ಕೂಗುತ್ತಾರೆ, “ಎಡಕ್ಕೆ ಹತ್ತು, ಸಾರ್!” ಅಷ್ಟೇ ಲೋಕ. ಬಿಡುವಿನಲ್ಲಿ ಡೆಕ್ಕಿಗೆ ಬಂದು ಸಮುದ್ರ ನೋಡಿದ್ದುಂಟು. ಆದರೆ ಚಕ್ರ ಹಿಡಿದ ಇಪ್ಪತ್ತು ವರ್ಷದಲ್ಲಿ ಎದುರಿಗೆ ಏನಿದೆ ಎಂದು ಮಾವ ಒಮ್ಮೆಯೂ ಕಂಡವರಲ್ಲ. ಬಿರುಗಾಳಿಯೆಂದರೆ ಅವರಿಗೆ ಡಯಲಿನ ಮುಳ್ಳು ತುಸು ಹೆಚ್ಚು ನಡುಗುವುದು.

ಇಂಥ ಮಹಾಪುರುಷರು ಮನೆಗೆ ಬಂದು ಏನಾದರೆಂದು ಅವರ ಹೆಂಡತಿ ಮಾಮಿಯನ್ನು ಕೇಳಬೇಕು. “ರೀ, ಟೀ ಲೋಟ ತೊಳೀರಿ” ಎಂದರೆ, “ಟೀ ಲೋಟ ತೊಳೀತೀನಿ” ಎಂದು, ತೊಳೆದು, “ಟೀ ಲೋಟ ತೊಳೆದಿದ್ದೀನಿ” ಎನ್ನುವರು. ಪಕ್ಕದಲ್ಲೇ ಬಿದ್ದ ತಟ್ಟೆ ಹಾಗೇ ಇರುವುದು. ತಟ್ಟೆಗೆ ಹುಕುಂ ಆಗಿರಲಿಲ್ಲವಲ್ಲ! ಒಂದು ಸಲ ಬೇಕರಿಯಲ್ಲಿ ಅಕ್ಕ, “ತಮ್ಮಾ, ಈ ಸಕ್ಕರೆ ಪಾಕ ತಿರುವ್ತಾ ಇರೋ” ಎಂದು ಹೇಳಿ ಯಾರೋ ನೆಂಟರು ಬಂದರೆಂದು ಒಳಗೆ ಹೋದರು. ನೆಂಟರು ಮಾತಿನ ಮಲ್ಲಿಯರು. ಅಕ್ಕ ಹೊರಗೆ ಬರುವಷ್ಟರಲ್ಲಿ ಪಾಕ ಎಳೆ ಬಂದು, ಕೆಂಪಾಗಿ, ಕಪ್ಪಾಗಿ, ಕಲ್ಲಾಗಿ, ಸೌಟು ಅದರಲ್ಲಿ ಕಂಬದಂತೆ ನಿಂತಿತ್ತು. ಮಾವ ಮಾತ್ರ ಪಾತ್ರೆಯನ್ನೇ ಸೌಟಿನ ಸುತ್ತ ತಿರುಗಿಸುತ್ತಿದ್ದರು. ಮಾಮಿಯ ದೂರು ಒಂದೇ: “ಬೇರೆಯವರ ಗಂಡಂದಿರು ಹೇಳಿದ ಮಾತು ಕೇಳಲ್ಲ ಅಂತ ಅಳ್ತಾರೆ. ನನ್ನ ಗಂಡ ಹೇಳಿದ್ದೊಂದೇ ಕೇಳ್ತಾರೆ. ಹೇಳದೆ ಒಂದೇ ಒಂದು ಕೆಲಸ ಮಾಡಿದ್ದು ನೋಡ್ಕೊಂಡು ಸಾಯಬೇಕು ಅಂತ ಆಸೆ.”

ಇನ್ನು ಡ್ರೈವಿಂಗ್ ಸ್ಕೂಲಿನ ಪರ್ವಕ್ಕೆ ಬರೋಣ. ಗೇರು, ಕ್ಲಚ್ಚು, ಬ್ರೇಕುಗಳನ್ನು ಮಾವ ಮೊದಲ ದಿನವೇ ಅರೆದು ಕುಡಿದರು. ಡ್ರೈವಿಂಗ್ ಮೇಷ್ಟ್ರು ತೆಳ್ಳಗಿನ ಮನುಷ್ಯ, ಬಾಯಲ್ಲಿ ಸದಾ ಲವಂಗ. “ಇಷ್ಟು ಚೆಂದ ಕಲಿಯೋ ಶಿಷ್ಯ ನನಗೆ ಸಿಕ್ಕೇ ಇಲ್ಲ” ಎಂದು ಬೀಗುತ್ತ ಮೇಷ್ಟ್ರು ಸ್ಕೂಲಿನ ಕಾರಿನಲ್ಲಿ ರಸ್ತೆಗೆ ಇಳಿಸಿದರು. ಇಳಿದ ಮೇಲೆ ತಿಳಿಯಿತು, ಶಿಷ್ಯ ರಸ್ತೆಯನ್ನೇ ನೋಡುತ್ತಿಲ್ಲ, ಸ್ಪೀಡಿನ ಮುಳ್ಳನ್ನು ಎವೆಯಿಕ್ಕದೆ ನೋಡುತ್ತಿದ್ದಾರೆ.

“ಮಾವ! ರಸ್ತೆ ನೋಡಿ, ರಸ್ತೆ!”

“ರಸ್ತೆ ನೋಡೋದು ನಿಮ್ಮ ಕೆಲಸ ಸಾರ್. ನನ್ನದು ಡಯಲು.”

ಮೇಷ್ಟ್ರ ಲವಂಗ ಗಂಟಲಿಗೆ ಇಳಿಯಿತು. ಎದುರಿನ ಗಾಜೆಂಬುದು ಅಲಂಕಾರಕ್ಕೆ ಇಟ್ಟದ್ದಲ್ಲ, ಅದರಾಚೆ ಜನ ಇದ್ದಾರೆ, ಜನಕ್ಕೆ ಪ್ರಾಣ ಇದೆ ಎಂದು ಮನದಟ್ಟು ಮಾಡಲು ಒಂದು ವಾರ ಹಿಡಿಯಿತು. ಆಮೇಲೆ ತಿರುವಿನ ತೊಂದರೆ. ಹಡಗಿಗೆ ಚಕ್ರ ತಿರುಗಿಸಿದರೆ ಅದು ಯೋಚಿಸಿ, ಮೈಮುರಿದು, ನಿಧಾನವಾಗಿ ಹೊರಳುತ್ತದೆ. ಹೊರಳಲು ಹತ್ತಿದ ಮೇಲೆ ನಿಲ್ಲಿಸಲು ಎದುರು ದಿಕ್ಕಿಗೆ ಚಕ್ರ ಕೊಡಬೇಕು. ಮಾವ ಅದೇ ಮರ್ಯಾದೆಯನ್ನು ಕಾರಿಗೂ ತೋರಿಸಿದರು. ಕಾರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಮ್ಮ ಬೀದಿಯಲ್ಲಿ ಅದು ಹುತ್ತಕ್ಕೆ ಹೊರಟ ಹಾವಿನಂತೆ ಹರಿದಾಡಿತು. ಟೈಲರ್ ಅಂಗಡಿಯವನು ತನ್ನ ಹೊಲಿಗೆ ಯಂತ್ರವನ್ನು ಒಳಗೆ ಎಳೆದುಕೊಂಡ. ಅದನ್ನೂ ಮಾವ ಗೆದ್ದರು. ಮೇಷ್ಟ್ರು ಪಕ್ಕದಲ್ಲಿ ಕೂತು “ಎಡಕ್ಕೆ”, “ಬಲಕ್ಕೆ”, “ನಿಲ್ಲಿಸಿ” ಎನ್ನುತ್ತಿದ್ದರೆ ಕಾರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತಿತ್ತು. ಎಲ್ಲರೂ ಸಂತೋಷಪಟ್ಟರು. ಪಕ್ಕದಲ್ಲಿ ‘ಎಡಕ್ಕೆ’ ಎನ್ನುವವರಿಲ್ಲದಿದ್ದರೆ ಏನಾದೀತೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಪರೀಕ್ಷೆಯ ದಿನ. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಮೌನಿ. “ಹೊರಡಿ” ಎಂದರು. “ಹೊರಡ್ತೀನಿ ಸಾರ್” ಎಂದು ಮಾವ ಹೊರಟರು. ಸಿಗ್ನಲ್ಲು, ಉಬ್ಬು, ಎಲ್ಲ ಸರಿಯಾಯಿತು. ಲೈಸೆನ್ಸ್ ಆಫೀಸಿನ ಹಿಂದೆ ರಸ್ತೆ ಬಲಕ್ಕೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಕಟ್ಟಡ ಕಟ್ಟಲು ತಂದು ಸುರಿದ ಮರಳಿನ ಗುಡ್ಡೆ. ಕಾರು ಗಂಭೀರವಾಗಿ, ಎಳ್ಳಷ್ಟೂ ಅಲುಗದೆ, ಹೋಗಿ ಮರಳಿನಲ್ಲಿ ಮೂತಿ ಇಟ್ಟಿತು.

ಇನ್‌ಸ್ಪೆಕ್ಟರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: “ಮರಳು ಕಾಣಲಿಲ್ವೇನ್ರೀ?”

“ಕಾಣಿಸ್ತು ಸಾರ್. ಆಗಲೇ ಕಾಣಿಸ್ತು.”

“ಮತ್ತೆ ಯಾಕ್ರೀ ತಿರುಗಿಸಲಿಲ್ಲ?”

“ನೀವು ಹೇಳ್ತೀರೇನೋ ಅಂತ ಕಾದೆ ಸಾರ್.”

ಇನ್‌ಸ್ಪೆಕ್ಟರು ಇಳಿದು ಬಾಗಿಲು ದಢಾರೆಂದು ಹಾಕಿದರು. ಮಾವ ಕೂತೇ ಇದ್ದರು, ಎರಡೂ ಕೈ ಸ್ಟಿಯರಿಂಗ್ ಮೇಲೆ.

“ಇಳೀರಿ ಇನ್ನು!”

“ಯಾರಿಗೆ ಒಪ್ಪಿಸಲಿ ಸಾರ್?”

ಸಂಜೆ ಬೇಕರಿಯಲ್ಲಿ ಸೂತಕದ ಕಳೆ. ಹಾಲಿನ ಗಾಡಿಯವನು ಮುಂದಿನ ಸೋಮವಾರದಿಂದ ಬರುವುದಿಲ್ಲ ಎಂದು ಹೇಳಿ ಹೋಗಿದ್ದ. ಅಕ್ಕ ಹಿಟ್ಟು ನಾದುತ್ತಲೇ ಬೈದರು, “ಕಣ್ಣು ಕಾಣದ ಗಂಡ ಮರಳು ಕಾಣದೆ ಗುದ್ದಿದ್ರೆ ಸರಿ. ಕಣ್ಣು ಕಾಣೋ ತಮ್ಮ ಕಂಡು ಕಂಡೂ ಗುದ್ದಿ ಬಂದಿದ್ದಾನೆ!” ಮೂಲೆಯಲ್ಲಿ ಕೂತ ಭಾವನಿಗೆ ಬಹಳ ದಿನಗಳ ಮೇಲೆ ನಗು ಬಂತು. ಆದರೂ ತಡೆದುಕೊಂಡರು, ಮನೆಯಲ್ಲಿ ಬದುಕಬೇಕಲ್ಲ. ಇನ್‌ಸ್ಪೆಕ್ಟರು ಪುಣ್ಯಕ್ಕೆ ಶನಿವಾರ ಇನ್ನೊಂದು ಅವಕಾಶ ಕೊಟ್ಟಿದ್ದರು. ಅದೂ ಹೋದರೆ ಆಸ್ಪತ್ರೆಯೂ ಹೋಯಿತು.

ಮಾವ ತಲೆ ತಗ್ಗಿಸಿ ಹೇಳಿದರು: “ಕಣ್ಣಿಗೆ ತಿಳೀತು ಅಕ್ಕ. ಕೈಗೆ ಹುಕುಂ ಬರಲಿಲ್ಲ.”

ಆಗ ಮಾಮಿ ಬನ್ನಿನ ಟ್ರೇ ಕೆಳಗಿಟ್ಟು ಮುಂದೆ ಬಂದರು. ಮದುವೆಯಾದಂದಿನಿಂದ ಆ ಹಡಗಿಗೆ ಮೇಲಿಂದ ಕೂಗುತ್ತ ಬಂದವರು ಅವರೇ ತಾನೇ? ರೋಗ ಬಲ್ಲವರಿಗೆ ಮದ್ದೂ ಗೊತ್ತು. “ಹುಕುಂ ಬೇಕು ಅಷ್ಟೇ ತಾನೆ? ನೀವೇ ಕೊಡ್ಕೊಳ್ಳಿ.”

“ನಾನಾ? ನಾನು ಆಫೀಸರ್ ಅಲ್ವಲ್ಲೇ!”

“ಇವತ್ತಿಂದ ನಿಮಗೆ ಬಡ್ತಿ. ನಾನು ಕೊಟ್ಟಿದ್ದೀನಿ. ಅಕ್ಕ ಸಾಕ್ಷಿ.”

ಅಕ್ಕ ಹಿಟ್ಟಿನ ಕೈಯಿಂದಲೇ ತಮ್ಮನ ಭುಜದ ಮೇಲೆ ಒಂದು ಬಿಳಿ ಪಟ್ಟಿ ಎಳೆದರು. ಇಪ್ಪತ್ತು ವರ್ಷ ನೌಕಾಪಡೆ ಕೊಡದ ಪದವಿ ಮೈದಾಹಿಟ್ಟಿನಲ್ಲಿ ಬಂತು.

ಆದರೆ ಸ್ವಂತ ದನಿಯಲ್ಲಿ ಹುಕುಂ ಕೊಟ್ಟರೆ ಮಾವನ ಕೈ ಕೇಳಲಿಲ್ಲ. ‘ಇವನ್ಯಾರು ಹೇಳೋಕೆ’ ಎಂದು ಸುಮ್ಮನಿರುತ್ತಿತ್ತು. ಕೊನೆಗೆ ಮಾವ ತಮ್ಮ ಹಳೆಯ ಆಫೀಸರೊಬ್ಬರ ದನಿ ನೆನಪಿಸಿಕೊಂಡರು. ಸದಾ ನೆಗಡಿಯಾದ ಮೂಗಿನಿಂದ ಬರುವ ಕೀರಲು ದನಿ. ಆ ದನಿಯಲ್ಲಿ “ಬಲಕ್ಕೆ ಹದಿನೈದು!” ಎಂದು ತಾವೇ ಕೀರಿ, ತಮ್ಮದೇ ಗೊಗ್ಗರು ದನಿಯಲ್ಲಿ “ಬಲಕ್ಕೆ ಹದಿನೈದು, ಸಾರ್!” ಎಂದು ಉತ್ತರಿಸಿದ ಕ್ಷಣ ಕೈ ತಾನಾಗಿ ತಿರುಗಿತು. ಆ ವಾರವಿಡೀ ನಮ್ಮ ಬೀದಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಕಾರಿನೊಳಗೆ ಮಾವ, ಮೇಷ್ಟ್ರು ಇಬ್ಬರೇ. ದನಿ ಮಾತ್ರ ಮೂರು. ಒಂದು ಸಲ ಆಫೀಸರ ದನಿ, “ಏನಯ್ಯಾ ಅಷ್ಟು ವೇಗ?” ಎಂದು ಗದರಿ, ಗೊಗ್ಗರು ದನಿ, “ಕ್ಷಮಿಸಿ ಸಾರ್” ಎಂದಿತೆಂದು ಮೇಷ್ಟ್ರು ಆಣೆ ಮಾಡಿ ಹೇಳುತ್ತಾರೆ. ಲವಂಗ ಬಿಟ್ಟು ಅವರು ತಲೆನೋವಿನ ಮಾತ್ರೆ ಚೀಪಲು ಹತ್ತಿದರು.

ಶನಿವಾರ ಅದೇ ಇನ್‌ಸ್ಪೆಕ್ಟರು, ಅದೇ ಮೌನ. ಕಾರು ಹೊರಟಿತು. “ಎಡಕ್ಕೆ ಹತ್ತು!” “ಎಡಕ್ಕೆ ಹತ್ತು, ಸಾರ್!” ಇನ್‌ಸ್ಪೆಕ್ಟರು ಬೆಚ್ಚಿ ಹಿಂದಿನ ಸೀಟು ನೋಡಿದರು. ಖಾಲಿ. ಮಾವನ ಮುಖ ನೋಡಿದರು. ಅಲ್ಲಿ ಎಮ್ಮೆಯ ಮೇಲೆ ಮಳೆ ಸುರಿದ ಶಾಂತಿ. ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತರು. ಮರಳಿನ ತಿರುವು ಬಂತು. “ಬಲಕ್ಕೆ ಇಪ್ಪತ್ತು! ಮರಳು ನೋಡ್ಕೊಳಯ್ಯಾ!” “ಬಲಕ್ಕೆ ಇಪ್ಪತ್ತು! ಮರಳು ನೋಡ್ಕೋತೀನಿ ಸಾರ್!” ಕಾರು ಮರಳಿಗೆ ದೂರದಿಂದಲೇ ನಮಸ್ಕಾರ ಹಾಕಿ ತಿರುಗಿತು.

ತಿರುವಿನಾಚೆ ಏರುದಾರಿ. ಏರಿನ ತಲೆಗೆ ಪಂಕ್ಚರ್ ಅಂಗಡಿ. ಅಲ್ಲಿ ಗೋಡೆಗೆ ಒರಗಿಸಿದ್ದ ಲಾರಿಯ ಟೈರೊಂದಕ್ಕೆ ಆ ಗಳಿಗೆಯಲ್ಲೇ ಲೋಕ ಸುತ್ತುವ ಮನಸ್ಸಾಯಿತು. ಅದು ಮೆಲ್ಲಗೆ ಹೊರಟು, ಉರುಳುರುಳಿ ವೇಗ ಹಿಡಿದು, ಕಾರಿನ ಎದುರಿಗೇ ಪಟ್ಟದಾನೆಯಂತೆ ಬಂತು. ಆಫೀಸರು ಬಾಯಿ ತೆರೆಯಬೇಕಿತ್ತು. ಆದರೆ ಆಫೀಸರು ಇನ್ನೂ ಮೂಗಿನೊಳಗೆ ಉಸಿರು ಎಳೆಯುತ್ತಿದ್ದರು.

ಕೈ ಎಡಕ್ಕೆ ತಿರುಗಿತು. ಕಾಲು ಬ್ರೇಕು ಒತ್ತಿತು. ಟೈರು ಕನ್ನಡಿಗೆ ಕೂದಲೆಳೆಯಷ್ಟು ದೂರದಲ್ಲಿ ಹಾದು, ಕೆಳಗಿನ ಹುಲ್ಲಿನಲ್ಲಿ ಎರಡು ಸುತ್ತು ಹಾಕಿ, ಅಡ್ಡ ಬಿದ್ದು ವಿಶ್ರಾಂತಿ ತೆಗೆದುಕೊಂಡಿತು.

ಆಮೇಲೆ ಮೂಗಿನ ದನಿ ತಡವಾಗಿ, ಸಣ್ಣಗೆ, “ಎಡಕ್ಕೆ…” ಎಂದು ಶುರುಮಾಡಿ, ನಾಚಿ ನಿಂತಿತು.

ಮಾವನ ಹಣೆಯಲ್ಲಿ ಬೆವರು ಹನಿದಿತ್ತು. “ತಪ್ಪಾಯ್ತು ಸಾರ್” ಎಂದರು. “ಯಾರೂ ಹೇಳದೆ ತಿರುಗಿಸಿಬಿಟ್ಟೆ. ಹೀಗೆ ಯಾವತ್ತೂ ಮಾಡಿದವನಲ್ಲ. ಶಿಕ್ಷೆ ಏನಿದೆಯೋ ಕೊಡಿ.”

ಇನ್‌ಸ್ಪೆಕ್ಟರು ಬಾಗಿಲ ಹಿಡಿಯಿಂದ ತಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. “ಶಿಕ್ಷೆ ಕೊಡಲೇಬೇಕು. ಆ ಮೂಗಿನಲ್ಲಿ ಮಾತಾಡೋರು ಇದ್ದಾರಲ್ಲ, ಅವರನ್ನ ಇಲ್ಲೇ ಇಳಿಸಿ. ನಿಮಗೊಬ್ಬರಿಗೆ ಮಾತ್ರ ಪಾಸು.”

“ಇಲ್ಲೇ ಇಳಿಸ್ತೀನಿ ಸಾರ್.”

ಮಾವ ಕಾರು ನಿಲ್ಲಿಸಿ ಇಳಿದರು. ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿನ ಎದುರು ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ಆಫೀಸರು ಇಳಿಯಲು ಬೇಕಾದಷ್ಟು ಹೊತ್ತು ಕಾದು ಬಾಗಿಲು ಹಾಕಿದರು. ಪಂಕ್ಚರ್ ಅಂಗಡಿಯವನು ಟೈರು ಮರೆತು ಇದನ್ನೇ ನೋಡುತ್ತ ನಿಂತ.

ಸೋಮವಾರ ಬೇಕರಿಯ ಒಲೆ ಎಂದಿನಂತೆ ಉರಿಯಿತು. ವ್ಯಾನಿನಲ್ಲಿ ಮಾವ, ಮೊದಲ ದಿನವೆಂದು ಪಕ್ಕದಲ್ಲಿ ಕಾವಲಿಗೆ ಮಾಮಿ. ಆಸ್ಪತ್ರೆಗೆ ಆಸ್ಪತ್ರೆಯ ಬಾಗಿಲಲ್ಲೇ ಬ್ರೆಡ್ಡು ಇಳಿಯಿತು. ಹಾಸ್ಟೆಲ್ಲುಗಳಲ್ಲಿ ಹುಡುಗಿಯರು ಬಿಸಿ ಪೊಟ್ಟಣವನ್ನು ಕೆನ್ನೆಗೆ ಒತ್ತಿಕೊಂಡು ಒಳಗೆ ಒಯ್ದರು. ಖಾಲಿ ಟ್ರೇಗಳು ಗಡಗಡ ಎನ್ನುತ್ತ ವ್ಯಾನು ಮರಳುವಾಗ ನಾಲ್ಕು ರಸ್ತೆ ಕೂಡುವಲ್ಲಿ ಮಾಮಿ ಅಭ್ಯಾಸಬಲದಿಂದ, “ಎಡಕ್ಕೆ ರೀ” ಎಂದರು.

ಮಾವ ತಿರುಗಿ ಹೇಳಲಿಲ್ಲ. ವ್ಯಾನು ಬಲಕ್ಕೆ ಹೊರಳಿತು.

ಮಾಮಿ ಗಂಡನ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು. ನಮ್ಮೂರ ಬಂದರಿನ ರಸ್ತೆ ಮುಗಿಯುವಲ್ಲಿ ಮಾವ ವ್ಯಾನು ನಿಲ್ಲಿಸಿದರು. ಗಾಜಿನ ತುಂಬ ಸಮುದ್ರ. ಒಂದು ಅಲೆ ಎದ್ದು, ಇನ್ನೊಂದನ್ನು ನುಂಗಿ, ಕಲ್ಲಿಗೆ ತಲೆ ಚಚ್ಚಿಕೊಂಡು ನೊರೆಯಾಯಿತು. ಅದರ ಹಿಂದೆ ಇನ್ನೊಂದು. ಮಾವ ಸ್ಟಿಯರಿಂಗ್ ಹಿಡಿದುಕೊಂಡೇ ಬಾಯಿ ತೆರೆದು ನೋಡಿದರು.

“ಇದರ ಮೇಲಾ ನಾನು ಇಷ್ಟು ವರ್ಷ ನೆಟ್ಟಗೆ ಓಡಿಸಿದ್ದು?”

“ನೋಡಿದ್ದರೆ ಓಡಿಸ್ತಿರಲಿಲ್ಲ ಬಿಡಿ” ಎಂದರು ಮಾಮಿ. ಸೆರಗಿನಿಂದ ಕಣ್ಣೊರೆಸಿಕೊಂಡರು. ಗಾಳಿಗೆ ಉಪ್ಪು ಹಾರಿತ್ತು ಎಂದು ಆಮೇಲೆ ನಮಗೆಲ್ಲ ಹೇಳಿದರು.

ಬೇಕರಿ ತಲುಪುವಷ್ಟರಲ್ಲಿ ತಡವಾಗಿತ್ತು. ಅಕ್ಕ ಬಾಗಿಲಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ನಾವು ನಾಲ್ಕು ಜನ ಬನ್ನು ಕೊಳ್ಳುವ ನೆಪದಲ್ಲಿ ಅಲ್ಲೇ ಇದ್ದೆವು.

“ಎಲ್ಲಿ ಹೋಗಿದ್ಯೋ ಇಷ್ಟು ಹೊತ್ತು?”

“ಸಮುದ್ರ ನೋಡೋಕೆ ಅಕ್ಕ.”

“ಸಮುದ್ರಕ್ಕೆ ಹೋಗು ಅಂತ ಯಾರೋ ನಿನಗೆ ಹೇಳಿದ್ದು?”

ಮಾವ ವ್ಯಾನಿನಿಂದ ಇಳಿದು, ಬಾಗಿಲು ಹಾಕಿ, ಎದೆಯುಬ್ಬಿಸಿ ನಿಂತರು. ಭುಜದ ಮೇಲೆ ಮೈದಾದ ಪಟ್ಟಿಯೊಂದಿಲ್ಲ, ಅಷ್ಟೇ ಕೊರತೆ.

“ಯಾರೂ ಹೇಳಲಿಲ್ಲ ಅಕ್ಕ” ಎಂದರು.